ಆರು ಹುದ್ದೆ, ಇಪ್ಪತ್ತು ಬಿಲ್ಲು

ನಮ್ಮ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಆರು ಹುದ್ದೆಗಳಿಗೆ ಆಗಷ್ಟೇ ಪದವಿ ಮುಗಿಸಿದವರನ್ನು ಆರಿಸುವ ಸಮಿತಿಯಲ್ಲಿ ನಾನು ಕುಳಿತದ್ದು ಅದೇ ಮೊದಲು. ಬಂದವರು 24 ಮಂದಿ. ಬೆಳಗಿನ ಅವಧಿಯಲ್ಲಿ 14 ಮಂದಿಯನ್ನು ಒಬ್ಬೊಬ್ಬರಾಗಿ ಕರೆದು, 'ನಿಮ್ಮ ಬಗ್ಗೆ ಹೇಳಿ' ಎಂಬಲ್ಲಿಂದ ಆರಂಭಿಸಿ ಮಾತು ಹೋದ ಕಡೆ ಹೋದೆವು. ಐವರನ್ನು ಉಳಿಸಿಕೊಂಡು ಒಂಬತ್ತು ಮಂದಿಯನ್ನು ಮನೆಗೆ ಕಳುಹಿಸಿದೆವು.

ಊಟದ ವಿರಾಮದಲ್ಲಿ ಅಂಕಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಸಿವಿಸಿಯಾಯಿತು. ಚೆನ್ನಾಗಿ ಮಾತನಾಡಿದ ಒಬ್ಬ ಹುಡುಗನಿಗೆ ನಾವು ಮೂವರೂ 'ಕೆಲಸದಲ್ಲಿ ಅಚ್ಚುಕಟ್ಟು' ಎಂಬ ಅಂಕಣದಲ್ಲಿಯೂ ಹೆಚ್ಚು ಅಂಕ ಕೊಟ್ಟಿದ್ದೆವು. ಅವನ ಅಚ್ಚುಕಟ್ಟುತನವನ್ನು ತಿಳಿಯಲು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಒಂದು ಗುಣದ ಮೆಚ್ಚುಗೆ ಉಳಿದೆಲ್ಲ ಗುಣಗಳ ಮೇಲೂ ಹರಡಿಕೊಳ್ಳುವ ಈ ದೋಷವನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ ತೋರಿಸಿದ್ದರು. ಓದಿ ತಿಳಿದಿದ್ದ ಆ ತಪ್ಪನ್ನು ನಾನೇ ನನ್ನ ಕೈಯಾರೆ ಮಾಡಿದ್ದೆ.

ಮಧ್ಯಾಹ್ನದಿಂದ ಕ್ರಮವನ್ನು ಬದಲಿಸೋಣ ಎಂದು ಹಿರಿಯರಿಬ್ಬರನ್ನೂ ಕೇಳಿಕೊಂಡೆ. ಎಲ್ಲರಿಗೂ ಒಂದೇ ಪ್ರಶ್ನೆಗಳು, ಪರಸ್ಪರ ಚರ್ಚಿಸುವ ಮೊದಲೇ ಪ್ರತ್ಯೇಕವಾಗಿ ಅಂಕ, ಜೊತೆಗೆ ಆ ಹುದ್ದೆಯಲ್ಲಿ ದಿನವೂ ಮಾಡಬೇಕಾದ ಕೆಲಸದ್ದೇ ಒಂದು ತುಣುಕು. 1998ರಲ್ಲಿ ಮನೋವಿಜ್ಞಾನಿಗಳಾದ ಶ್ಮಿಟ್ ಮತ್ತು ಹಂಟರ್ ನೌಕರರ ಆಯ್ಕೆಯ ಕುರಿತ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ, ಸಡಿಲ ಸಂದರ್ಶನಕ್ಕಿಂತ ಹೀಗೆ ಕಟ್ಟುನಿಟ್ಟಾಗಿ ರೂಪಿಸಿದ ಸಂದರ್ಶನವೇ ಮುಂದಿನ ಕಾರ್ಯಕ್ಷಮತೆಯನ್ನು ಹೆಚ್ಚು ಸರಿಯಾಗಿ ಸೂಚಿಸುತ್ತದೆ ಎಂದು ತೋರಿಸಿದ್ದರು. 2022ರಲ್ಲಿ ಬೇರೆ ಸಂಶೋಧಕರು ಆ ಲೆಕ್ಕವನ್ನು ಮರುಪರಿಶೀಲಿಸಿ ಅಂಕಿಗಳನ್ನು ತಗ್ಗಿಸಿದಾಗಲೂ ಅಂಥ ಸಂದರ್ಶನವೇ ಮೇಲಿನ ಸ್ಥಾನದಲ್ಲಿತ್ತು. ಅನುಭವವನ್ನು ಕೇಳುವಂತಿಲ್ಲದ ಹೊಸಬರ ವಿಷಯದಲ್ಲಿ ನಮಗೆ ಇದಕ್ಕಿಂತ ನ್ಯಾಯವಾದ ದಾರಿ ಯಾವುದಿತ್ತು? ಹಿರಿಯರು ಒಪ್ಪಿದರು.

ತಾಳೆ ನೋಡಿ ತಪ್ಪು ಹುಡುಕಲು ಕೊಡಬೇಕಿದ್ದ ಇಪ್ಪತ್ತು ಬಿಲ್ಲುಗಳನ್ನೂ ಖಾತೆ ಪುಸ್ತಕದ ಒಂದು ಪುಟವನ್ನೂ ನಕಲು ಮಾಡಿಸುತ್ತಿದ್ದಾಗ, ಬೆಳಿಗ್ಗೆ ನಾವು ಕಳುಹಿಸಿದ್ದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮೂಲ ಅಂಕಪಟ್ಟಿಗಳು ನಮ್ಮ ಮೇಜಿನ ಮೇಲೆಯೇ ಉಳಿದಿದ್ದವು. ಸಂದರ್ಶನದಲ್ಲಿ ನಾಲ್ಕು ವಾಕ್ಯಗಳನ್ನೂ ಪೂರ್ತಿ ಆಡದೆ ಫೈಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕುಳಿತಿದ್ದವಳು.

'ನೀವೂ ಇದನ್ನು ಬರೆಯುತ್ತೀರಾ?' ಎಂದು ಕೇಳಿದೆ.

'ಬರೆಯುತ್ತೇನೆ ಮೇಡಂ. ಆದರೆ ನನ್ನನ್ನು ಆಗಲೇ ಬೇಡ ಎಂದಿರಲ್ಲ?'

ಅದಕ್ಕೆ ಉತ್ತರ ಕೊಡಲಾಗದೆ ಕುರ್ಚಿಯನ್ನು ತೋರಿಸಿದೆ.

ಅವಳ ಹಾಳೆ ಇಂದಿಗೂ ನನ್ನ ಕಣ್ಣ ಮುಂದಿದೆ. ಎರಡು ಬಾರಿ ನಮೂದಾಗಿದ್ದ ಬಿಲ್ಲನ್ನು ತೆಗೆದ ಮೇಲೂ ಮೊತ್ತದಲ್ಲಿ 360ರ ವ್ಯತ್ಯಾಸ ಉಳಿಯುತ್ತಿತ್ತು. ಪುಟದ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ, 'ವ್ಯತ್ಯಾಸ 9ರಿಂದ ಭಾಗವಾಗುತ್ತದೆ, ಎಲ್ಲೋ ಅಂಕಿ ಅದಲುಬದಲಾಗಿರಬೇಕು' ಎಂದು ಬರೆದು, ಅದರ ಕೆಳಗೆ 4,590 ಎಂಬುದು 4,950 ಆಗಿದ್ದ ಸಾಲಿಗೆ ಗುರುತು ಹಾಕಿದ್ದಳು. ಉಳಿದವರಲ್ಲಿ ಕೆಲವರು ತಪ್ಪನ್ನು ಹುಡುಕಿದ್ದರು, ಆದರೆ ಹುಡುಕಿದ ದಾರಿಯನ್ನು ಬರೆದಿಟ್ಟವಳು ಇವಳೊಬ್ಬಳೇ. ಚೆನ್ನಾಗಿ ಮಾತನಾಡಿದ ಆ ಹುಡುಗನೂ ಕೆಲಸವನ್ನು ಸರಿಯಾಗಿಯೇ ಮಾಡಿದ್ದ, ಇಬ್ಬರೂ ಆಯ್ಕೆಯಾದರು.

ಆದರೆ ಅಂಕಪಟ್ಟಿಗಳನ್ನು ಬೆಳಿಗ್ಗೆಯೇ ಸರಿಯಾಗಿ ಹಿಂದಿರುಗಿಸಿದ್ದರೆ ಅವಳು ಆ ಹೊತ್ತಿಗೆ ಬಸ್ಸಿನಲ್ಲಿರುತ್ತಿದ್ದಳು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಉಳಿದ ಎಂಟು ಮಂದಿಗೂ ಅದೇ ಅವಕಾಶ ಸಿಗುವವರೆಗೆ ಪಟ್ಟಿಯನ್ನು ಅಂತಿಮಗೊಳಿಸುವುದು ಬೇಡವೆಂದು ಹಟ ಹಿಡಿದೆ. ಹಿರಿಯರಲ್ಲೊಬ್ಬರಿಗೆ ಇದು ಅತಿಯೆನಿಸಿತು, ಆದರೂ ಎರಡು ಹುದ್ದೆಗಳನ್ನು ಸೋಮವಾರದವರೆಗೆ ಖಾಲಿ ಇಡಲು ಒಪ್ಪಿದರು. ಸಂಜೆ ನಾನೇ ಕುಳಿತು ಒಬ್ಬೊಬ್ಬರಿಗೂ ಕರೆ ಮಾಡಿ, ತಪ್ಪು ನಮ್ಮದೆಂದು ಹೇಳಿ, ಮತ್ತೆ ಬರುವಿರಾ ಎಂದು ಕೇಳಿದೆ. ಐವರು ಬಂದು ಅದೇ ಬಿಲ್ಲುಗಳನ್ನು ನೋಡಿದರು, ಒಬ್ಬ ಆಯ್ಕೆಯಾದ. ಇನ್ನೊಬ್ಬರು, ಬರುವುದಿಲ್ಲ, ಒಮ್ಮೆ ಸಾಕು ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಉಳಿದಿಬ್ಬರ ಫೋನು ಮೂರು ದಿನವೂ ಸ್ವಿಚ್ ಆಫ್ ಆಗಿತ್ತು. ಅವರ ವಿಳಾಸಕ್ಕೆ ಪತ್ರ ಬರೆದು ಹಾಕಿದೆ.