ಟವಲ್ ಸಿಕ್ಕಿಸಿದ ಬಾಗಿಲು

19 ಅಕ್ಟೋಬರ್ 2024, ಶನಿವಾರ
ಎಸ್.ಎಸ್. ಪುರಂ, ತುಮಕೂರು. ರಾತ್ರಿ 10.40

ದೊಡ್ಡಮ್ಮ ಸ್ನಾನಕ್ಕೆ ಹೋದರೆ ಹಳೇ ಟವಲೊಂದನ್ನು ನಾಲ್ಕು ಮಡಿಕೆ ಮಾಡಿ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಒಳಗಿಂದ ದಬ್ಬುತ್ತಾಳೆ. ಬಾಗಿಲು ಬಿಗಿಯಾಗಿ ನಿಲ್ಲುತ್ತೆ, ಚೌಕಟ್ಟಿಗೆ ಕಚ್ಚೋ ಲ್ಯಾಚ್ ಬೀಳಲ್ಲ. ಎಷ್ಟು ದಿನದಿಂದ ಹೀಗೆ ನಡೀತಿದೆಯೋ. ಟವಲಿನ ಆ ಜಾಗ ಸವೆದು ಎಳೆ ಬಿಟ್ಟಿದೆ.

"ಗುಂಡು ತಿರುಗ್ಸೋಕಾಗಲ್ಲ ಕಣಪ್ಪ. ಸೋಪಿನ ಕೈ ಜಾರ್ತದೆ. ಬೆರಳಿನ ಗೆಣ್ಣು ಬೇರೆ ನೋವು."

"ಹೇಳೋದಲ್ವಾ ದೊಡ್ಡಮ್ಮ?"

"ಏನು ಹೇಳೋದು. ಬಾಗಿಲು ಚೆನ್ನಾಗೇ ಐತಲ್ಲ."

ಬಾಗಿಲು ಚೆನ್ನಾಗೇ ಇದೆ, ಹಿಡಿ ಅವಳ ಕೈಗೆ ಆಗಿಬರ್ತಿಲ್ಲ. ಗುಂಡು ಹಿಡಿ ತಿರುಗಬೇಕಾದರೆ ಐದು ಬೆರಳೂ ಅದನ್ನು ಹಿಂಡಿ ಹಿಡಿಯಬೇಕು, ಆಮೇಲೆ ಮಣಿಕಟ್ಟು ತಿರುಚಬೇಕು. ಸಂಧಿ ನೋವಿರುವವರಿಗೆ ಇವೆರಡೂ ಕಷ್ಟ. ಲಿವರ್ ಹಿಡಿಯಾದರೆ ಕೆಳಕ್ಕೆ ಒತ್ತಿದರೆ ಸಾಕು, ಬೆರಳೇ ಬೇಡ, ಮುಂಗೈಯಲ್ಲೂ ಮೊಣಕೈಯಲ್ಲೂ ಆಗುತ್ತೆ. ಕೈಯಲ್ಲಿ ಬಕೆಟ್ ಇದ್ದರೂ ಬಾಗಿಲು ತೆಗೆಯಬಹುದು.

ಹಾಗಾಗಿ ಇವತ್ತು ಬಚ್ಚಲಿನದು ಮೊದಲು. ಮುಂಬಾಗಿಲು, ಎರಡು ರೂಮು ಆಮೇಲೆ.

ಗುಂಡು ಲಾಕ್ ಬಿಚ್ಚೋದು ತಿಳಿಯದೆ ಸುತ್ತಿಗೆಯಲ್ಲಿ ಹೊಡೆದವರನ್ನು ನೋಡಿದ್ದೇನೆ. ಒಳಗಡೆ ಗುಂಡಿನ ಕುತ್ತಿಗೆಯಲ್ಲಿ ಒಂದು ಸಣ್ಣ ತೂತು ಇರುತ್ತೆ. ಅದಕ್ಕೆ ಮೊಳೆಯ ತುದಿ ಇಟ್ಟು ಒತ್ತಿ ಹಿಡಿದು ಗುಂಡನ್ನು ಎಳೆದರೆ ಕೈಗೆ ಬರುತ್ತೆ. ಅದರ ಹಿಂದಿನ ದುಂಡು ತಗಡನ್ನು ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಎರಡು ಉದ್ದನೆ ಸ್ಕ್ರೂ ಕಾಣುತ್ತವೆ. ಅವನ್ನು ಬಿಚ್ಚಿದರೆ ಎರಡೂ ಅರ್ಧ ಬೇರೆಯಾಗುತ್ತವೆ. ಕೊನೆಗೆ ಬಾಗಿಲಿನ ಅಂಚಿನ ಎರಡು ಸ್ಕ್ರೂ, ಲ್ಯಾಚ್ ಹೊರಗೆ. ಐದು ನಿಮಿಷದ ಕೆಲಸ.

ಉಳಿಯೋದು ಬಾಗಿಲಲ್ಲಿ ಒಂದು ದೊಡ್ಡ ದುಂಡು ತೂತು, 54 ಮಿಲಿಮೀಟರಿನದು. ಹೊಸ ಹಿಡಿ ಆರಿಸುವಾಗ ಈ ತೂತೇ ಯಜಮಾನ. ಉದ್ದ ಪಟ್ಟಿಯ ಹ್ಯಾಂಡಲ್ ತಂದರೆ ಪಟ್ಟಿಯ ಅಗಲ 40, 45 ಇರುತ್ತೆ, ತೂತು ಎರಡೂ ಕಡೆ ಇಣುಕುತ್ತೆ. ಚಿಕ್ಕ ದುಂಡು ಬುಡದ ಹ್ಯಾಂಡಲ್ ಕೂಡ 52ರ ಆಸುಪಾಸು, ತೂತಿನೊಳಕ್ಕೇ ಬೀಳುತ್ತೆ. ಅದೇ ತೂತಿಗೆ ಕೂರುವಂತೆ ಮಾಡಿದ ಲಿವರ್ ಲಾಕ್ ಸಿಗುತ್ತೆ, ಬುಡ 65 ಮಿ.ಮೀ. ಇರುತ್ತೆ, ಅದನ್ನೇ ಕೇಳಬೇಕು. ಇನ್ನೊಂದು ಅಳತೆ, ಬಾಗಿಲಿನ ಅಂಚಿನಿಂದ ತೂತಿನ ಮಧ್ಯಕ್ಕೆ ಎಷ್ಟು ಅನ್ನೋದು. 60 ಇಲ್ಲವೇ 70. ಈಗಿನ ಎಷ್ಟೋ ಲ್ಯಾಚು ತಿರುಗಿಸಿ ಎಳೆದರೆ ಎರಡೂ ಅಳತೆಗೆ ಬರುತ್ತವೆ, ಆದರೂ ಡಬ್ಬಿ ಮೇಲೆ ಓದಿಯೇ ತರೋದು.

ದೊಡ್ಡಮ್ಮನ ಬಚ್ಚಲ ಬಾಗಿಲು ಒಳಮಗ್ಗುಲು ಅಲ್ಯೂಮಿನಿಯಂ ತಗಡು ಹೊಡೆದಿರೋ ಫ್ಲಶ್ ಡೋರು. ದಪ್ಪ ಅಳೆದರೆ 32. ಡಬ್ಬಿ ಮೇಲೆ 35ರಿಂದ 45 ಅಂತಿದೆ. ಇಲ್ಲೇ ಜನ ತಪ್ಪು ಮಾಡೋದು. ಮೂರೇ ಮಿಲಿಮೀಟರ್ ತಾನೇ ಅಂತ ಹಾಕಿಬಿಡ್ತಾರೆ, ಸ್ಕ್ರೂ ಕೊನೆವರೆಗೂ ಹೋಗಿ ನಿಂತರೂ ಬುಡ ಬಾಗಿಲಿಗೆ ಅಂಟಲ್ಲ, ಹಿಡಿ ಲೊಡಲೊಡ ಅನ್ನುತ್ತೆ, ತಿಂಗಳಲ್ಲಿ ಕಿತ್ತು ಬರುತ್ತೆ. ಹಳೇ ಸ್ವಿಚ್ ಬೋರ್ಡಿನ ಹೈಲಂ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನಂಥ ಶೀಟ್ ಒಂದು ತುಂಡು ಅಟ್ಟದ ಮೇಲಿತ್ತು, 3 ಮಿ.ಮೀ. ದಪ್ಪದ್ದು. ಬುಡದ ಅಳತೆಗೆ ಬಳೆಯ ಹಾಗೆ ದುಂಡಗೆ ಕೊಯ್ದು, ಅಂಚು ಉಜ್ಜಿ, ಒಳಗಡೆ ಬುಡದ ಕೆಳಗೆ ಕೊಟ್ಟೆ. ಪ್ಲೈವುಡ್ಡಿನ ಚೂರು ಕೊಡಬಾರದು, ಬಚ್ಚಲ ನೀರಿಗೆ ಉಬ್ಬುತ್ತೆ. ಹೈಲಂಗೆ ಆ ಭಯ ಇಲ್ಲ. ಬೆಳ್ಳಗಿನ ಬುಡದ ಹಿಂದೆ ಕಂದು ಬಣ್ಣದ ಸಣ್ಣ ಗೆರೆ ಕಾಣುತ್ತೆ, ಕಾಣಲಿ.

ಲ್ಯಾಚ್ ಕೂರಿಸುವಾಗ ನಾಲಿಗೆಯ ಇಳಿಜಾರು ಮುಖ, ಬಾಗಿಲು ಮುಚ್ಚುವಾಗ ಚೌಕಟ್ಟಿಗೆ ಮೊದಲು ತಗಲುವ ಕಡೆಗಿರಬೇಕು. ತಿರುವುಮುರುವಾದರೆ ಬಾಗಿಲು ದಬ್ಬಿದರೆ ಟಕ್ಕಂತ ನಿಲ್ಲುತ್ತೆ, ಮುಚ್ಚಲ್ಲ. ಲ್ಯಾಚು ಮೊದಲು, ಅದರ ಮಧ್ಯದ ಕಿಂಡಿಯೊಳಗೆ ಲಾಕಿನ ಕಡ್ಡಿ ತೂರಿದ ಮೇಲೆ ಎರಡು ಉದ್ದ ಸ್ಕ್ರೂ. ಒಂದನ್ನೇ ಪೂರ್ತಿ ಬಿಗಿಯಬಾರದು. ಇದಕ್ಕೆರಡು ಸುತ್ತು, ಅದಕ್ಕೆರಡು ಸುತ್ತು, ನಡುನಡುವೆ ಹಿಡಿ ಒತ್ತಿ ನೋಡ್ತಾ ಹೋಗಬೇಕು. ಬಿಗಿದಂತೆಲ್ಲ ಹಿಡಿ ಗಡುಸಾಗ್ತಾ ಬಂದರೆ ಬುಡ ಓರೆಯಾಗಿ ಕಡ್ಡಿಯನ್ನು ಎಳೀತಿದೆ ಅಂತ ಅರ್ಥ. ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ. ಇದೆಲ್ಲಾ ಬಾಗಿಲು ತೆರೆದಿರುವಾಗಲೇ. ಮುಚ್ಚಿ ಪರೀಕ್ಷೆ ಮಾಡಿ ಒಳಗೆ ಸಿಕ್ಕಿಹಾಕಿಕೊಂಡವರಿದ್ದಾರೆ.

ಹಿಡಿಯ ತುದಿ ಬಾಗಿಲ ಕಡೆಗೆ ಮಡಚಿರುವಂಥದ್ದನ್ನೇ ಆರಿಸಿದ್ದು. ನೆಟ್ಟಗೆ ಚಾಚಿದ ತುದಿಯಾದರೆ ಸೆರಗು ಸಿಕ್ಕಿಕೊಳ್ಳುತ್ತೆ, ಬಳೆ ಸಿಕ್ಕಿಕೊಳ್ಳುತ್ತೆ, ನೈಟಿಯ ತೋಳು ಸಿಕ್ಕಿಕೊಳ್ಳುತ್ತೆ. ಒದ್ದೆ ನೆಲದ ಮೇಲೆ ಸೆರಗು ಜಗ್ಗಿದರೆ ಸಾಕು, ಬೇರೆ ಹೇಳಬೇಕಿಲ್ಲ.

ಮಂಡಿಪೇಟೆಯ ಅಂಗಡಿಯಲ್ಲಿ ಒಬ್ಬರು ಫೋನಿನಲ್ಲಿ ಫೋಟೋ ತೋರಿಸಿ "ಇದೇ ಥರದ್ದು ಕೊಡಿ" ಅಂತಿದ್ದರು. ಫೋಟೋದಲ್ಲಿ ಹಿಡಿಯ ರೂಪ ಕಾಣುತ್ತೆ, ಅಳತೆ ಕಾಣಲ್ಲ. ಬಿಚ್ಚಿದ ಹ್ಯಾಂಡಲ್, ಕೀ ಹಾಕೋ ಸಿಲಿಂಡರ್, ಸಾಧ್ಯವಾದರೆ ಲಾಕಿನ ಪೆಟ್ಟಿಗೆ ಸಮೇತ ಚೀಲದಲ್ಲಿ ಹಾಕ್ಕೊಂಡು ಹೋಗಿ. ರೂಮುಗಳಲ್ಲಿರುವ, ಬಾಗಿಲಿನ ಅಂಚಿನೊಳಗೆ ಪೆಟ್ಟಿಗೆ ಹುದುಗಿರುವ ಮಾರ್ಟೀಸ್ ಲಾಕಿಗೆ ಹಿಡಿಯ ಕಡ್ಡಿಯ ಮಧ್ಯದಿಂದ ಕೀ ತೂತಿನ ಮಧ್ಯಕ್ಕೆ ಎಷ್ಟು ಅನ್ನೋದೇ ಜೀವಾಳ. ಈಗ ಸಿಗೋವು ಹೆಚ್ಚಿನವು 85. ಹಳೇ ಮನೆಗಳಲ್ಲಿ ಕಮ್ಮಿ ಇರೋವೂ ಇವೆ. ಐದು ಮಿಲಿಮೀಟರ್ ವ್ಯತ್ಯಾಸ ಬಂದರೂ ಪಟ್ಟಿಯ ತೂತಿಗೂ ಸಿಲಿಂಡರಿಗೂ ಕೂಡಲ್ಲ. ಉಜ್ಜಿ ಅಗಲಿಸ್ತೀನಿ ಅಂತ ಹೊರಡಬೇಡಿ, ಪಾಲಿಶ್ ಹೋಗುತ್ತೆ, ಹಿಡಿ ಗಡುಸಾಗೋದಂತೂ ತಪ್ಪಲ್ಲ. ಹಳೇ ಅಳತೆಯ ಹ್ಯಾಂಡಲ್ ಸಿಗದಿದ್ದರೆ ಲಾಕನ್ನೂ ಸೇರಿಸಿಯೇ ಬದಲಿಸೋದು ವಾಸಿ.

ಲೋಹದ ವಿಷಯ. ಅಯಸ್ಕಾಂತ ಇಟ್ಟು ನೋಡಿದರೆ ಕಬ್ಬಿಣ ಗೊತ್ತಾಗುತ್ತೆ ಅಷ್ಟೇ, ಹಿತ್ತಾಳೆಗೂ ಅಂಟಲ್ಲ, ಜಿಂಕಿಗೂ ಅಂಟಲ್ಲ. ಹಿಡಿಯ ಹಿಂಬದಿ, ಕಾಣದ ಕಡೆ, ಮೊಳೆಯಲ್ಲಿ ಗೀರಿದರೆ ಹಿತ್ತಾಳೆ ಹಳದಿ, ಜಿಂಕ್ ಬೂದು ಬಿಳುಪು. ಒಳರೂಮಿಗೆ ಜಿಂಕ್ ಆದೀತು. ಬಚ್ಚಲಿಗೆ ಬೇಡ. ನಮ್ಮ ಬೋರ್‌ವೆಲ್ ನೀರು ಒಣಗಿದ ಕಡೆಯೆಲ್ಲ ಬಿಳಿ ಉಪ್ಪು ಕಟ್ಟುತ್ತೆ, ಅದರ ಅಡಿಯಲ್ಲಿ ಮೇಲಿನ ಹೊಳಪಿನ ಪದರ ಗುಳ್ಳೆ ಎದ್ದು ಸುಲಿದುಹೋಗುತ್ತೆ, ಸುಲಿದ ಅಂಚು ಕೈ ಕೊಯ್ಯುತ್ತೆ. ಬಚ್ಚಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು.

ದೊಡ್ಡ ರೂಮಿನ ಹಿಡಿ ಜೋತು ಬಿದ್ದಿತ್ತು. ಹ್ಯಾಂಡಲ್ ಹೋಯ್ತು ಅಂತ ಹೊಸದು ತರುವ ಮೊದಲು ಒಂದು ಕೆಲಸ. ಎರಡೂ ಹಿಡಿ ಕಳಚಿ, ಬರೀ ಚೌಕ ಕಡ್ಡಿಯನ್ನು ಇಕ್ಕಳದಲ್ಲಿ ತಿರುಗಿಸಿ ಬಿಡಿ. ಚಟ್ಟನೆ ವಾಪಸ್ ಬಂದರೆ ಲಾಕು ಚೆನ್ನಾಗಿದೆ, ಕೆಟ್ಟಿರೋದು ಹಿಡಿಯ ಬುಡದ ಸ್ಪ್ರಿಂಗೋ ಹಿಡಿಯನ್ನು ಕಡ್ಡಿಗೆ ಬಿಗಿಯೋ, ಸಡಿಲಾದ ಅಲೆನ್ ಸ್ಕ್ರೂವೋ. ಸೋಮಾರಿಯಾಗಿ ಬಂದರೆ, ಇಲ್ಲ ಅಲ್ಲೇ ನಿಂತರೆ, ಲಾಕಿನೊಳಗಿನ ಸ್ಪ್ರಿಂಗ್ ಮುರಿದಿದೆ. ಇಲ್ಲಿ ಅಲೆನ್ ಸ್ಕ್ರೂ ಸಡಿಲಾಗಿತ್ತು ಅಷ್ಟೇ. ಅದು ಯಾವಾಗಲೂ ರೂಮಿನ ಒಳಗಡೆಗೇ ಬರಬೇಕು, ಮುಖ ಕೆಳಕ್ಕೆ. ಬಿಗಿದ ಮೇಲೆ ಉಗುರಿನ ಬಣ್ಣ ಒಂದು ಹನಿ ಬಿಟ್ಟರೆ ಬಾಗಿಲು ಬಡಿಯುವ ಅದುರಿಗೆ ಬಿಚ್ಚಿಕೊಳ್ಳಲ್ಲ.

ಚಿಕ್ಕ ರೂಮಿಗೆ ಮಾತ್ರ ಹೊಸ ಪಟ್ಟಿ ಹ್ಯಾಂಡಲ್. ಚೌಕ ಕಡ್ಡಿ 8 ಮಿ.ಮೀ., ಸರಿಯಾಯ್ತು, ಉದ್ದ ಜಾಸ್ತಿಯಿತ್ತು, ಗರಗಸದಲ್ಲಿ 6 ಮಿಲಿಮೀಟರ್ ಕತ್ತರಿಸಿದ್ದು. ಕಡ್ಡಿ ಉದ್ದ ಇದ್ದರೆ ಪಟ್ಟಿ ಬಾಗಿಲಿಗೆ ಅಂಟಲ್ಲ, ಗಿಡ್ಡ ಇದ್ದರೆ ಅಲೆನ್ ಸ್ಕ್ರೂಗೆ ಹಿಡಿಯೋಕೆ ಏನೂ ಸಿಗಲ್ಲ. ಸಿಲಿಂಡರ್ ಬಿಚ್ಚೋಕೆ ಬಾಗಿಲಿನ ಅಂಚಿನ ಉದ್ದ ಸ್ಕ್ರೂ ತೆಗೆದು, ಕೀ ಹಾಕಿ ಒಂಚೂರು ಮಾತ್ರ ತಿರುಗಿಸಿ ಎಳೀಬೇಕು. ಒಳಗಿನ ಹಲ್ಲು ಸಿಲಿಂಡರಿನ ಮೈಗೆ ಸಮನಾದಾಗಲೇ ಅದು ಜಾರಿ ಬರೋದು, ಬಲ ಹಾಕಿದರೆ ಬರಲ್ಲ. ಹೊಸದು ಪಟ್ಟಿಯಿಂದ ಎರಡು ಮೂರು ಮಿಲಿಮೀಟರಿಗಿಂತ ಹೊರಗೆ ಚಾಚಬಾರದು. ಇಲ್ಲಿಗೆ 60ರದ್ದು ಸರಿಹೋಯ್ತು.

ಪಟ್ಟಿಯ ಸ್ಕ್ರೂಗಳಿಗೆ ಡ್ರಿಲ್ ಹಿಡಿಯೋಕೆ ಮುಂಚೆ ಲಾಕಿನ ಪೆಟ್ಟಿಗೆಯನ್ನು ಬಾಗಿಲಿಂದ ಹೊರಗೆ ತೆಗೆದುಬಿಡಿ, ದಯವಿಟ್ಟು. ಬಿಟ್ ಪೆಟ್ಟಿಗೆಗೆ ಇಳಿದರೆ ಲಾಕು ಮುಗೀತು. ಇಳಿಯದಿದ್ದರೂ ಮರದ ಪುಡಿ ಒಳಗೆ ತುಂಬಿ ವಾರದಲ್ಲಿ ಕಚ್ಚಿಕೊಳ್ಳುತ್ತೆ. 4 ಮಿಲಿಮೀಟರ್ ಸ್ಕ್ರೂಗೆ 2.5ರ ಬಿಟ್, ಸಾಗುವಾನಿಯಂಥ ಗಟ್ಟಿ ಮರಕ್ಕೆ 3. ಆಳಕ್ಕೆ ಬಿಟ್ ಮೇಲೆ ಟೇಪು ಸುತ್ತಿ ಗುರುತು. ಹಳೇ ತೂತು ದೊಡ್ಡದಾಗಿದ್ದರೆ ಮದ್ದು ಕಿತ್ತ ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ಬಿಗಿಯಾಗುವಷ್ಟು ತುಂಬಿ, ರಾತ್ರಿಯೆಲ್ಲ ಒಣಗಲು ಬಿಟ್ಟು, ಬೆಳಗ್ಗೆ ಸಮ ಕತ್ತರಿಸಿ ಸ್ಕ್ರೂ ಹಾಕಿ. ಒದ್ದೆ ಇರುವಾಗಲೇ ಹಾಕಿದರೆ ಹಿಡಿತ ಬರಲ್ಲ.

ಮುಂಬಾಗಿಲ ಹಿತ್ತಾಳೆ ಹಿಡಿ ದೊಡ್ಡಪ್ಪ ಹಾಕಿಸಿದ್ದು. ಅದನ್ನು ಬದಲಿಸೋ ಮಾತೇ ಇಲ್ಲ. ಹೆಬ್ಬೆರಳು ಕೂರೋ ಜಾಗ ಸವೆದು ಕನ್ನಡಿಯ ಹಾಗಾಗಿದೆ. ಎರಡು ಸ್ಕ್ರೂ ಮಾತ್ರ ಹೊಸವು. ಹಿತ್ತಾಳೆ ಸ್ಕ್ರೂವನ್ನು ನೇರ ಗಟ್ಟಿ ಮರಕ್ಕೆ ತಿರುಗಿಸಿದರೆ ತಲೆ ಮುರಿದು ಮೈ ಒಳಗೇ ಉಳಿಯುತ್ತೆ, ತೆಗೆಯೋದು ಮಹಾ ಕಷ್ಟ. ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ಹಾಕಿ ತೆಗೆದು ದಾರಿ ಮಾಡಿ, ಹಿತ್ತಾಳೆಯದಕ್ಕೆ ಸೋಪು ಸವರಿ ಕೈಯಲ್ಲೇ ತಿರುಗಿಸಬೇಕು. ಕೀ ತೂತಿಗೆ ದೊಡ್ಡಮ್ಮ ಕೊಬ್ಬರಿ ಎಣ್ಣೆ ಬಿಟ್ಟಿದ್ದಾಳೆ, ಧೂಳು ಹಿಡಿದು ಅಂಟಾಗಿದೆ. ಆ ಅಂಟು ತೆಗೆದ ಮೇಲೆ ಅಲ್ಲಿಗೆ ಪೆನ್ಸಿಲ್ಲಿನ ಸೀಸದ ಪುಡಿ ಹಾಕಬೇಕು.

ಬಾಗಿಲು ತೆರೆದಿದ್ದಾಗ ಹಿಡಿ ಸಲೀಸು, ಮುಚ್ಚಿದಾಗ ಮಾತ್ರ ಗಡುಸು ಅಂದರೆ ಹಿಡಿಯನ್ನು ದೂರಬೇಡಿ. ನಾಲಿಗೆಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೆದರೆ ಚೌಕಟ್ಟಿನ ತಗಡಿನಲ್ಲಿ ಎಲ್ಲಿ ಉಜ್ಜುತ್ತಿದೆ ಅನ್ನೋದು ಕಾಣುತ್ತೆ. ತಗಡಿನ ಕೆಳ ಅಂಚಿನಲ್ಲಿ ಗುರುತು ಬಿದ್ದರೆ ಬಾಗಿಲು ಇಳಿದಿದೆ, ಮೇಲಿನ ಹಿಂಜಿನ ಸ್ಕ್ರೂ ಬಿಗಿ ಮಾಡಿ. ಈಗಿನ ಮಳೆಗೆ ಮರ ಉಬ್ಬಿರುತ್ತೆ ಬೇರೆ. ಈಗಲೇ ಅಂಚು ಕೀಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತೆ.

ಸಂಜೆ ದೊಡ್ಡಮ್ಮನನ್ನು ಕರೆದು ತೋರಿಸಿದ್ದಾಯ್ತು. ಮುಂಗೈಯಲ್ಲೇ ಒತ್ತಿದಳು, ತೆಗೀತು. ಇನ್ನೊಂದು ಸಲ ಒತ್ತಿದಳು. ಆಮೇಲೆ ಮೇಲುಗಡೆ ಕೈ ತೋರಿಸಿದಳು.

"ಆ ಚಿಲಕ ತೆಗೀಬೇಡ."

ಒಳಗಡೆ ಮೇಲೆ ಆರಿಂಚಿನ ಟವರ್ ಬೋಲ್ಟ್ ಇದೆ. ಕೈ ಎತ್ತೋಕೆ ಆಗಲ್ಲ ಅಂತ ಅದನ್ನವಳು ಹಾಕೋದೇ ಬಿಟ್ಟಿದ್ದಾಳೆ. ಆದರೂ ಇರಲಿ ಅಂತಾಳೆ.

"ಹಿಡಿಗೇ ಒಳಗೆ ಗುಂಡಿ ಇದೆ ದೊಡ್ಡಮ್ಮ, ಒತ್ತಿದ್ರೆ ಲಾಕ್ ಆಗ್ತದೆ."

"ಹೊರಗಿಂದ ಯಾರಾದ್ರೂ ತೆಗೆದ್ರೆ?"

"ತೆಗೀಲಿ ಅಂತಾನೇ ಅದು."

ಹೊರಗಡೆ ಹಿಡಿಯ ಬುಡದಲ್ಲಿ ಒಂದು ಗೀರಿದೆ, ಒಂದು ರೂಪಾಯಿ ನಾಣ್ಯದ ಅಂಚು ಇಟ್ಟು ತಿರುಗಿಸಿದರೆ ಲಾಕ್ ಬಿಡುತ್ತೆ. ಬರೀ ಸೂಜಿ ತೂತಿರುವ ಮಾದರಿಯೂ ಅಂಗಡಿಯಲ್ಲಿತ್ತು, ಬೇಡ ಅಂದಿದ್ದಾಯ್ತು. ಗಾಬರಿಯ ಹೊತ್ತಲ್ಲಿ ಪಿನ್ನು ಎಲ್ಲಿ ಹುಡುಕೋದು? ನಾಣ್ಯವಾದರೆ ಯಾರ ಜೇಬಲ್ಲೂ ಇರುತ್ತೆ. ಚಿಲಕ ಹಾಕಿ ಒಳಗೆ ಬಿದ್ದರೆ ಬಾಗಿಲು ಒಡೆಯೋದೊಂದೇ ದಾರಿ. ಅವಳಿಗೆ ಇದನ್ನು ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. "ನಿಮ್ಮ ದೊಡ್ಡಪ್ಪ ಹಾಕ್ಸಿದ್ದು" ಅಂದಳು ಅಷ್ಟೇ. ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಈಗ ಮಲಗೋಕೆ ಹೋದರೆ ಇನ್ನೊಂದು ಯೋಚನೆ. ಆ ಬಾಗಿಲು ಒಳಕ್ಕೆ ತೆಗೆಯುತ್ತೆ. ಲಾಕ್ ಬಿಚ್ಚಿದರೂ, ಬಿದ್ದವರು ಬಾಗಿಲ ಹಿಂದೆಯೇ ಬಿದ್ದಿದ್ದರೆ ದಬ್ಬೋಕಾಗಲ್ಲ. ಹೊರಕ್ಕೆ ತೆಗೆಯೋ ಹಾಗೆ ತಿರುಗಿಸಬೇಕು. ಬಾಗಿಲು ಕೂರೋ ಕಡಿತ ಚೌಕಟ್ಟಿನ ಒಳಮಗ್ಗುಲಿಗಿದೆ, ಅದಕ್ಕೆ ಪಟ್ಟಿ ತುಂಬಿ, ಹೊರಮಗ್ಗುಲಿಗೆ ಹೊಸ ತಡೆಪಟ್ಟಿ ಹೊಡೆದು, ಹಿಂಜು ಈಚೆಗೆ ತರಬೇಕು, ಲ್ಯಾಚಿನ ನಾಲಿಗೆ ಮತ್ತೆ ತಿರುವಬೇಕು. ಆಚಾರ್ರಿಗೆ ಅರ್ಧ ದಿನದ ಕೆಲಸ. ಬಾಗಿಲಿನ ಅಗಲ 28 ಇಂಚು. ಹೊರಗೆ ವಾಷಿಂಗ್ ಮಷೀನ್‌ವರೆಗೆ ಟೇಪ್ ಹಿಡಿದರೆ 26. ಮಷೀನು ಎರಡು ಇಂಚು ಆಚೆ ಸರಿಸಬಹುದು, ಆದರೆ ನಲ್ಲಿಯ ಪೈಪು ಆ ಕಡೆಗೆ ಎಟುಕುತ್ತೋ ನೋಡಬೇಕು.