"ಅದು ಔಷಧಿ ಅಲ್ಲ ಕಣಪ್ಪಾ, ಬರೀ ಸೊಪ್ಪು"

ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಲ್ಲಲು ಶುರು ಮಾಡಿ ನನಗೆ ಹನ್ನೊಂದು ವರ್ಷ ಆಯಿತು. ಬಸ್ ಸ್ಟ್ಯಾಂಡಿಗೆ ಹತ್ತಿರದ ಅಂಗಡಿ. ಕೊರಟಗೆರೆ, ಮಧುಗಿರಿ, ಗುಬ್ಬಿ ಕಡೆಯವರು ಊರಿನ ಬಸ್ ಹತ್ತುವ ಮುಂಚೆ ತಿಂಗಳ ಮಾತ್ರೆಗಳನ್ನು ನಮ್ಮಲ್ಲೇ ಕಟ್ಟಿಸಿಕೊಂಡು ಹೋಗುತ್ತಾರೆ. ಓದು ಬಾರದವರಿಗೆ ಕವರ್ ಮೇಲೆ ಸೂರ್ಯ, ಚಂದ್ರ ಬರೆದು ಕೊಡುತ್ತೇನೆ. ಮಾತ್ರೆ ಕೊಡುವಾಗ "ಬೇರೆ ಯಾವುದಾದರೂ ಔಷಧಿ ತಗೊಳ್ತಿದ್ದೀರಾ?" ಎಂದು ಕೇಳುವುದು ಡಿ.ಫಾರ್ಮಾ ಓದುವಾಗಿನಿಂದ ಬಂದ ಅಭ್ಯಾಸ. ಆ ಪ್ರಶ್ನೆಯಲ್ಲೇ ತಪ್ಪಿದೆ ಅಂತ ನನಗೆ ತಿಳಿದದ್ದು ಮೂರು ವರ್ಷದ ಹಿಂದೆ, ಒಬ್ಬ ಅಜ್ಜಿಯಿಂದ.

ಕೊರಟಗೆರೆ ಕಡೆಯ ಹಳ್ಳಿಯ ಅಜ್ಜಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೊಳ್ತಿದ್ದರು. ಅವತ್ತು ಮೊಮ್ಮಗನ ಜೊತೆ ಬಂದು ಕೌಂಟರ್ ಹತ್ತಿರ ನಿಂತಿದ್ದರು. ಕೈ ನಡುಗುತ್ತಿತ್ತು. ಹಣೆ, ಕುತ್ತಿಗೆ ಎಲ್ಲ ಬೆವರು. ಕರೆದರೆ ಮಾತು ತೊದಲುತ್ತಿತ್ತು. ಕೂರಿಸಿ ಬೆರಳು ಚುಚ್ಚಿ ನೋಡಿದೆ. 52 ತೋರಿಸಿತು. 70ಕ್ಕಿಂತ ಕೆಳಗೆ ಬಂದರೇನೇ ಲೋ ಶುಗರ್. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಅಷ್ಟಕ್ಕೇ ಮನೆಗೆ ಕಳಿಸಬಾರದು. ಗ್ಲಿಮೆಪಿರೈಡ್ ಇಡೀ ದಿನ ಕೆಲಸ ಮಾಡುವ ಮಾತ್ರೆ, ಶುಗರ್ ಮತ್ತೆ ಇಳಿಯಬಹುದು. ಆಸ್ಪತ್ರೆಗೆ ಕಳಿಸಲು ಆಟೋ ಕರೆಸಿದೆ.

ಆಟೋ ಬರುವ ತನಕ ಕೇಳಿದೆ, "ಅಜ್ಜಿ, ಬೇರೆ ಏನಾದ್ರೂ ತಗೊಂಡ್ರಾ?"

"ಏನೂ ಇಲ್ಲ ಕಣಪ್ಪಾ. ನೀನು ಕೊಟ್ಟಿದ್ದೇ."

ಮೊಮ್ಮಗ ಬಾಯಿ ಹಾಕಿದ. "ದಿನಾ ಬೆಳಿಗ್ಗೆ ಅದೇನೋ ಪುಡಿ ಕಲಸ್ಕೊಂಡು ಕುಡೀತಾಳೆ ಅಣ್ಣ. ಮೇಲೆ ಹಾಗಲಕಾಯಿ ರಸ ಬೇರೆ."

"ಅದು ಔಷಧಿ ಅಲ್ಲ ಕಣಪ್ಪಾ, ಬರೀ ಸೊಪ್ಪು."

ಅಜ್ಜಿ ಮುಚ್ಚಿಟ್ಟಿರಲಿಲ್ಲ. ನಾನು ಔಷಧಿ ಬಗ್ಗೆ ಕೇಳಿದ್ದೆ, ಅವರು ಔಷಧಿ ಬಗ್ಗೆಯೇ ಉತ್ತರ ಕೊಟ್ಟಿದ್ದರು. ಮಾತ್ರೆ, ಟಾನಿಕ್ಕು, ಇಂಜೆಕ್ಷನ್ ಔಷಧಿ. ಹಿತ್ತಲಲ್ಲಿ, ಬೆಟ್ಟದಲ್ಲಿ ಬೆಳೆಯುವುದು ಸೊಪ್ಪು.

ಅವರು ಕುಡಿಯುತ್ತಿದ್ದ ಪುಡಿ ಮಧುನಾಶಿನಿ. ಅದರ ಎಲೆ ಅಗಿದು ಆಮೇಲೆ ಬೆಲ್ಲ ತಿಂದು ನೋಡಿ, ಸಿಹಿಯೇ ಗೊತ್ತಾಗುವುದಿಲ್ಲ. ರಕ್ತದ ಸಕ್ಕರೆಯನ್ನೂ ಅದು ಇಳಿಸಬಲ್ಲದು. ಸಿದ್ಧರಬೆಟ್ಟದ ಗಿಡಮೂಲಿಕೆ ಅಂದರೆ ನಮ್ಮ ಜಿಲ್ಲೆಯವರಿಗೆ ನಂಬಿಕೆ ಜಾಸ್ತಿ, ನನಗೂ ಇದೆ. ಆದರೆ ಗುಣ ಕೊಡುವ ಶಕ್ತಿ ಎಲೆಗೆ ಇದೆ ಅಂದಮೇಲೆ ಕೆಡಿಸುವ ಶಕ್ತಿಯೂ ಇರಬೇಕಲ್ವಾ? ಗ್ಲಿಮೆಪಿರೈಡ್ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತದೆ. ಅದರ ಜೊತೆ ಪುಡಿ, ಮೇಲೆ ರಸ. ಅವತ್ತು ಬಸ್ ತಪ್ಪುತ್ತೆ ಅಂತ ಅಜ್ಜಿ ಮುದ್ದೆಯನ್ನೂ ಉಂಡಿರಲಿಲ್ಲ. ಎಲ್ಲವೂ ಸೇರಿ ಸಕ್ಕರೆಯನ್ನು ಒಂದೇ ಕಡೆಗೆ ಎಳೆದವು.

ಡಾಕ್ಟರು ಆಮೇಲೆ ಪುಡಿ, ರಸ ಬಿಡಿಸಿ, ಮಾತ್ರೆಯ ಪ್ರಮಾಣವನ್ನು ಹೊಸದಾಗಿ ಗೊತ್ತು ಮಾಡಿದರು. ಹಾಗಲಕಾಯಿ ಪಲ್ಯ ಬಿಡಿ ಅಂತ ಯಾರೂ ಹೇಳಲಿಲ್ಲ. ಊಟದ ಜೊತೆ ತಿನ್ನುವ ಪಲ್ಯಕ್ಕೂ ಖಾಲಿ ಹೊಟ್ಟೆಗೆ ಕುಡಿಯುವ ಒಂದು ಲೋಟ ರಸಕ್ಕೂ ತುಂಬಾ ವ್ಯತ್ಯಾಸ ಇದೆ.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. "ಬೆಳಿಗ್ಗೆ ಎದ್ದ ಮೇಲೆ ಹೊಟ್ಟೆಗೆ ಮೊದಲು ಏನು ಹೋಗತ್ತೆ?" ಇಷ್ಟೇ. ಆಮೇಲೆ ಕಷಾಯ, ಪುಡಿ, ಬೇರು, ಲೇಹ್ಯ, ಎಣ್ಣೆ ಅಂತ ಹೆಸರು ಹಿಡಿದು ಕೇಳುತ್ತೇನೆ. ಮೊದಲು "ಏನೂ ಇಲ್ಲ" ಅನ್ನುತ್ತಿದ್ದವರೇ ಈಗ ಐದು ನಿಮಿಷ ಮಾತಾಡುತ್ತಾರೆ.

ಬಿಪಿ ಮಾತ್ರೆ ತಪ್ಪದೆ ನುಂಗಿದರೂ ಬಿಪಿ ಇಳಿಯದ ಒಬ್ಬರು ಕೆಮ್ಮಿಗೆ ಅಂತ ಎರಡು ತಿಂಗಳಿಂದ ಅತಿಮಧುರದ ಕಷಾಯ ಕುಡಿಯುತ್ತಿದ್ದರು. ಅತಿಮಧುರ ಜಾಸ್ತಿ ದಿನ ತಗೊಂಡರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಜೊತೆಗಿದ್ದರೆ ಪೊಟ್ಯಾಸಿಯಂ ಇನ್ನೂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ಅಶ್ವಗಂಧ ತಗೊಂಡರೆ ಥೈರಾಯ್ಡ್ ಲೆಕ್ಕವೇ ಏರುಪೇರಾಗಬಹುದು. ಬಸುರಿಯರು ಅಶ್ವಗಂಧ ಮುಟ್ಟದಿರುವುದೇ ಒಳ್ಳೆಯದು.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಮಂಡಿನೋವಿನ ಪುಡಿ. ಸಣ್ಣ ಪ್ಲಾಸ್ಟಿಕ್ ಪೊಟ್ಟಣ. ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ತಯಾರಾದ ತಾರೀಖಿಲ್ಲ. ಎರಡೇ ದಿನದಲ್ಲಿ ನೋವು ಮಾಯ. ಬೇರು, ಎಲೆಯಿಂದ ಅಷ್ಟು ಬೇಗ ನೋವು ಹೋಯಿತು ಅಂದರೆ ನನಗೆ ಅನುಮಾನ ಬರುತ್ತದೆ. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಹಾಗೆ ತಿಂದವರಿಗೆ ಮುಖ ದುಂಡಗೆ ಊದುತ್ತದೆ, ಚರ್ಮ ತೆಳುವಾಗುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ.

ಇದರಲ್ಲೂ ನಾನು ಒಮ್ಮೆ ತಪ್ಪಿದ್ದೇನೆ. ಮುಖ ಊದಿದ್ದ ಒಬ್ಬ ಯಜಮಾನರಿಗೆ "ಇವತ್ತೇ ಆ ಪುಡಿ ಬಿಸಾಕಿ" ಅಂದುಬಿಟ್ಟೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಕುಸಿತ, ಪ್ರಾಣಕ್ಕೂ ಅಪಾಯ. ನಾಲ್ಕು ದಿನಕ್ಕೆ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಉಳಿದುಕೊಂಡರು. ಆದರೆ ನನಗೆ ಬಹಳ ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಈಗ ನಾನು ಹೇಳುವುದು ಹೀಗೆ: "ಬಿಸಾಕಬೇಡಿ, ನೀವಾಗಿಯೇ ನಿಲ್ಲಿಸಲೂ ಬೇಡಿ. ಆ ಪೊಟ್ಟಣ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ."

ಇನ್ನೊಂದು ತೊಡಕು ಹೆಸರಿನದು. ನಮ್ಮಲ್ಲಿ ಬ್ರಾಹ್ಮಿ ಅಂದರೆ ಒಂದೆಲಗ. ಬೇರೆ ಕಡೆ ಅದೇ ಹೆಸರಲ್ಲಿ ನೀರು ಬ್ರಾಹ್ಮಿ ಕೊಡುತ್ತಾರೆ, ಗಿಡವೇ ಬೇರೆ. ಅಮೃತಬಳ್ಳಿಯ ಕಥೆಯೂ ಹೀಗೆ. ಕೊರೋನಾ ಕಾಲದಲ್ಲಿ ಬೇಲಿ ಮೇಲಿನ ಬಳ್ಳಿಯೆಲ್ಲ ಕಷಾಯದ ಪಾತ್ರೆಗೆ ಹೋಯಿತು. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಗೊಂಡ ಕೆಲವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಥರ ಕಾಣುವ ಬೇರೆ ಬಳ್ಳಿ ಬಳಕೆಯಾಗಿರಬಹುದು ಎಂದಿತು. ಕೌಂಟರಿನಲ್ಲಿ ನಿಂತ ನನಗೆ ಎರಡೂ ಮಾತು ಒಂದೇ ಕಡೆ ಕರೆದೊಯ್ಯುತ್ತವೆ. ಗುರುತು ಗೊತ್ತಿಲ್ಲದ ಬಳ್ಳಿ ಕುಡಿಯಬೇಡಿ. ಲಿವರ್ ತೊಂದರೆ ಇದ್ದವರು ಕೇಳದೆ ಕುಡಿಯಲೇಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಕಷಾಯದ ವಿಷಯ ಮೊದಲು ಹೇಳಿ.

ನಮ್ಮ ಬೀದಿಯಲ್ಲೇ ಒಬ್ಬ ಆಯುರ್ವೇದ ಡಾಕ್ಟರಮ್ಮ ಇದ್ದಾರೆ. ಅವರ ಕಷ್ಟ ನನ್ನದರ ತಿರುವುಮುರುವು. "ನನ್ನ ಹತ್ತಿರ ಬಂದವರು ಇಂಗ್ಲಿಷ್ ಮಾತ್ರೆ ತಗೊಳ್ಳೋದನ್ನ ಹೇಳಲ್ಲ, ಬೈತೀನಿ ಅಂತ ಭಯ" ಅಂದರು. ಈಗ ಇಬ್ಬರೂ ಒಂದೇ ಚೀಟಿಯಲ್ಲಿ ಬರೆಯುತ್ತೇವೆ. ಮಾತ್ರೆ ಒಂದು ಬದಿ, ಕಷಾಯ ಇನ್ನೊಂದು ಬದಿ. ಆಪರೇಷನ್ ಇದ್ದರೆ ಆ ಚೀಟಿಯನ್ನೇ ತೋರಿಸಿ ಅನ್ನುತ್ತೇವೆ. ಬೆಳ್ಳುಳ್ಳಿ, ಶುಂಠಿ, ಅರಿಶಿನದ ಮಾತ್ರೆಗಳು ರಕ್ತ ತೆಳುವಾಗಿಸುವ ಔಷಧಿ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು.

ಅಡ್ಡಪರಿಣಾಮ ಆದರೆ ದೂರು ಕೊಡಬಹುದು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಔಷಧಿಗಳ ಅಡ್ಡಪರಿಣಾಮ ತಿಳಿಸಲು 1800-180-3024 ಎಂಬ ಉಚಿತ ನಂಬರ್ ಇದೆ. ಕರೆ ಮಾಡುವವರು ಡಾಕ್ಟರೇ ಆಗಿರಬೇಕಿಲ್ಲ. ಆಯುಷ್ ಔಷಧಿಗಳಿಗೂ 2018ರಿಂದ ಪ್ರತ್ಯೇಕ ವ್ಯವಸ್ಥೆ ಇದೆ. ಏನು ತಗೊಂಡಿರಿ, ಎಷ್ಟು, ಯಾವತ್ತಿಂದ, ಜೊತೆಗೆ ಬೇರೆ ಏನಿತ್ತು ಎಂಬ ವಿವರ ಕೈಯಲ್ಲಿರಲಿ. ಪೊಟ್ಟಣದ ತಳದಲ್ಲಿ ಒಂದು ಚಮಚ ಪುಡಿ ಉಳಿದಿದ್ದರೂ ಎತ್ತಿಡಿ.