ಅರಿಸಾಕಾ ಕೋವಿಯ ಎರಡು ಅಂಕಿಗಳು

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಕಳೆದ ತಿಂಗಳು ಎರಡನೆಯ ಮಹಾಯುದ್ಧ ಕಾಲದ, ಅರಿಸಾಕಾ ಎಂಬ ಜಪಾನಿ ಸೇನೆಯ ಕೋವಿಯೊಂದನ್ನು ಕೊಂಡು, ಅದನ್ನು ಬಿಚ್ಚಿ ತೆಗೆದ ಹದಿನೈದು ಚಿತ್ರಗಳನ್ನು ತೀರ್ಥಹಳ್ಳಿಯಲ್ಲಿರುವ ನನಗೆ ಕಳುಹಿಸಿದ. ಕೋವಿಯ ಕ್ರಮಸಂಖ್ಯೆ 052 ಎಂದು ಮುಗಿಯುತ್ತದೆ; ತೋಟೆಯನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿನ ಮೇಲೆ 417 ಎಂದಿದೆ. ‘ಮಾವ, ನಂಬರ್ ಕೂಡ್ತಾ ಇಲ್ಲ. ನಾನು ಮೋಸ ಹೋದ್ನಾ?’ ಎಂದು ಅವನ ಪ್ರಶ್ನೆ.

ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾಟಕ್ಕಾಗಿ ಲೈಸೆನ್ಸ್ ಪಡೆದ ಜೋಡುನಳಿಗೆ ಕೋವಿ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇದೆ, ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ ಮರಳಿ ತರುವಾಗ ಅಜ್ಜ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅಂಥ ಕೋವಿ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆಗಳು, ಹಿಂದಿನ ಮರ ಸೇರಿದ ಒಡಲು, ಮುಂಗೈ ಹಿಡಿಯುವ ಮುಂದಿನ ಮರ. ಮೂರರ ಒಳಮೈಯಲ್ಲೂ ಒಂದೇ ಅಂಕಿ ಇರಬೇಕು. ಒಮ್ಮೆ ರಿಪೇರಿಗೆ ಕೊಟ್ಟ ಅಂಗಡಿಯಿಂದ ನಮ್ಮ ಕೋವಿ ಬೇರೆ ಯಾರದೋ ಮುಂದಿನ ಮರವನ್ನು ಸಿಕ್ಕಿಸಿಕೊಂಡು ಬಂದಿತ್ತು. ‘ಇದು ಇಬ್ಬರ ಕೋವಿ ಆಯ್ತಲ್ಲೋ’ ಎಂದ ಅಜ್ಜ ಮರುದಿನವೇ ಹೋಗಿ ನಮ್ಮದನ್ನು ಹುಡುಕಿಸಿ ತಂದರು. ಅಂಕಿಗಳನ್ನು ನೋಡದೆ ಕೋವಿಯನ್ನು ಕೈಗೆತ್ತಿಕೊಳ್ಳದ ಅಭ್ಯಾಸ ನನಗೆ ಅಂದಿನಿಂದ ಬಂದದ್ದು.

ಅಳಿಯನ ಕೋವಿ ತೊಂಬತ್ತೊಂಬತ್ತನೆಯ ಮಾದರಿಯದು. ಜಪಾನಿನ ಸಾಮ್ರಾಜ್ಯ ಶಕೆಯ 2599ನೆಯ ವರ್ಷ, ಅಂದರೆ ಕ್ರಿ.ಶ. 1939, ಅದರ ಹೆಸರಿನ ಮೂಲ. ಅದಕ್ಕೂ ಹಿಂದಿನ ಮೂವತ್ತೆಂಟನೆಯ ಮಾದರಿಯ ಹೆಸರು ಮೇಯಿಜಿ ಆಳ್ವಿಕೆಯ 38ನೆಯ ವರ್ಷವಾದ 1905ರಿಂದ ಬಂದಿದೆ. ಹಳೆಯದರದು 6.5 ಮಿಲಿಮೀಟರ್ ತೋಟೆ, ಹೊಸದರದು 7.7. ಬೋಲ್ಟ್ ಕೂರುವ ಉಕ್ಕಿನ ಗೂಡಿನ, ಅಂದರೆ ರಿಸೀವರಿನ, ಎಡಮಗ್ಗುಲಲ್ಲಿ ಕ್ರಮಸಂಖ್ಯೆಯೂ ತಯಾರಾದ ಶಸ್ತ್ರಾಗಾರದ ಮುದ್ರೆಯೂ ಇರುತ್ತವೆ. ಸಂಖ್ಯೆಯ ಮುಂದೆ ವೃತ್ತದೊಳಗೆ ಒಂದು ಜಪಾನಿ ಅಕ್ಷರವಿದ್ದರೆ ಅದು ಸರಣಿಯ ಗುರುತು. ಒಂದು ಸರಣಿಯಲ್ಲಿ ಸುಮಾರು ಒಂದು ಲಕ್ಷ ಕೋವಿಗಳಾದ ಮೇಲೆ ಅಕ್ಷರವನ್ನು ಬದಲಿಸಿ ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಿದ್ದರು. ಆದ್ದರಿಂದ ಆ ಅಕ್ಷರವನ್ನು ಬಿಟ್ಟು ಬರೀ ಅಂಕಿಯನ್ನು ಬರೆದುಕೊಂಡರೆ ಯಾವ ಕೋವಿ ಎಂಬುದೇ ಗೊತ್ತಾಗುವುದಿಲ್ಲ.

ಬೋಲ್ಟಿನ ಹಿಡಿಯ ಬುಡ, ಖಾಲಿ ತೋಟೆಯನ್ನು ಎಳೆದು ಹಾಕುವ ಕೊಕ್ಕೆ, ತೋಟೆಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ ಮತ್ತು ಹಿಂತುದಿಯಲ್ಲಿರುವ ಸೇಫ್ಟಿಯ ಗುಬ್ಬಿಗಳಲ್ಲಿ ಸಾಮಾನ್ಯವಾಗಿ ಮೂರಂಕಿಯ ಸಂಖ್ಯೆ ಇರುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಕೆಲವು ಕಾರ್ಖಾನೆಗಳು ಈ ಭಾಗಗಳ ಮೇಲೆ ಕ್ರಮಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಒತ್ತಿದರೆ, ಇನ್ನು ಕೆಲವು ಕ್ರಮಸಂಖ್ಯೆಗೆ ಸಂಬಂಧವೇ ಇಲ್ಲದ ಜೋಡಣೆಯ ಅಂಕಿಯನ್ನು ಒತ್ತುತ್ತಿದ್ದವು. ಎರಡನೆಯ ಬಗೆಯ ಕೋವಿಯಲ್ಲಿ ಬಿಡಿಭಾಗಗಳು ಪರಸ್ಪರ ಕೂಡಿದರೆ ಸಾಕು. ಇದು ತಿಳಿಯದೆ, ಹುಟ್ಟಿದಂದಿನಿಂದ ಒಂದೇ ಮೈಯಾಗಿರುವ ಕೋವಿಯನ್ನು ಕಲಬೆರಕೆಯೆಂದು ಅಗ್ಗಕ್ಕೆ ಮಾರಿಬಿಡುವುದುಂಟು.

ಅಂಕಿ ಕೂಡಿದ ಮಾತ್ರಕ್ಕೂ ನಿಶ್ಚಿಂತರಾಗುವಂತಿಲ್ಲ. ಮೂರಂಕಿಯಲ್ಲಿ ಬರೆಯಬಹುದಾದ ಸಂಖ್ಯೆಗಳು ಸಾವಿರ. ಲಕ್ಷ ಕೋವಿಗಳ ಒಂದು ಸರಣಿಯಲ್ಲಿ 052 ಎಂದು ಮುಗಿಯುವವು ನೂರು. ತಾಳ್ಮೆಯುಳ್ಳ ವ್ಯಾಪಾರಿಯೊಬ್ಬ ಬಿಡಿ ಬೋಲ್ಟುಗಳ ರಾಶಿಯಿಂದ ತಕ್ಕದ್ದನ್ನು ಆರಿಸಿ ಜೋಡಿಸಬಲ್ಲ. ಹಾಗಾಗಿ ಅಂಕಿಯ ಅಚ್ಚು, ತಪಾಸಣೆಯ ಸಣ್ಣ ಮುದ್ರೆಗಳು, ಉಕ್ಕಿನ ಬಣ್ಣ ಮತ್ತು ಸವೆತ ಇವೆಲ್ಲವೂ ರಿಸೀವರಿನೊಂದಿಗೆ ಒಪ್ಪುತ್ತವೆಯೇ ಎಂದು ಹಗಲು ಬೆಳಕಿನಲ್ಲಿ ನೋಡಲೇಬೇಕು.

ಅಳಿಯನ ಕೋವಿ ಕ್ರಮಸಂಖ್ಯೆಯನ್ನು ಅನುಸರಿಸುವ ಬಗೆಯದು, ಆದ್ದರಿಂದ ಅದರ ಬೋಲ್ಟ್ ಖಂಡಿತ ಬೇರೆಯದೇ. ಆದರೆ ಅವನು ಕಳುಹಿಸಿದ ಚಿತ್ರಗಳಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಎರಡು ಕಡೆ. ಬೋಲ್ಟಿನ ನಾಲ್ಕೂ ಭಾಗಗಳಲ್ಲಿ 417 ಎಂದೇ ಇದೆ. ಅಂದರೆ ಯಾರೂ ಚೂರುಚೂರು ತಂದು ಅದನ್ನು ಕಟ್ಟಿಲ್ಲ, ಇನ್ನೊಂದು ಕೋವಿಯಿಂದ ಅದು ಇಡಿಯಾಗಿ ಬಂದಿದೆ. ರಿಸೀವರಿನ ನೆತ್ತಿಯ ಮೇಲೆ ಇರಬೇಕಿದ್ದ ಹದಿನಾರು ಎಸಳುಗಳ ಸೇವಂತಿಗೆಯನ್ನು, ಚಕ್ರವರ್ತಿಯ ಲಾಂಛನವನ್ನು, ಅರದಿಂದ ಉಜ್ಜಿ ತೆಗೆದಿದ್ದಾರೆ. 1945ರ ಶರಣಾಗತಿಯ ನಂತರ ಲೆಕ್ಕವಿಲ್ಲದಷ್ಟು ಕೋವಿಗಳಿಂದ ಈ ಹೂವನ್ನು ಅಳಿಸಲಾಯಿತು. ಒಪ್ಪಿಸಿದ ಕೋವಿಗಳನ್ನು ಒಂದೆಡೆ, ಅವುಗಳಿಂದ ತೆಗೆದ ಬೋಲ್ಟುಗಳನ್ನು ಇನ್ನೊಂದೆಡೆ ರಾಶಿ ಹಾಕಿದ್ದ ಕಡೆಗಳಲ್ಲಿ, ನೆನಪಿಗೆಂದು ಒಯ್ಯುವ ಅಮೆರಿಕದ ಸೈನಿಕ ಕೈಗೆ ಸಿಕ್ಕ ಕೋವಿಗೆ ಕೈಗೆ ಸಿಕ್ಕ ಬೋಲ್ಟನ್ನು ಸೇರಿಸಿಕೊಂಡು ಮನೆಗೆ ಹೋದ. ರಣರಂಗದಲ್ಲೇ ವಶವಾದ ಕೋವಿಗಳಲ್ಲಿ ಹೂವೂ ಉಳಿದು ಅಂಕಿಯೂ ಕೂಡುವುದು ಹೆಚ್ಚು. ಹೂವು ಅಳಿದು, ಬೋಲ್ಟ್ ಇಡಿಯಾಗಿ ಬದಲಾಗಿರುವ ಅಳಿಯನ ಕೋವಿ ಶರಣಾಗತಿಯ ರಾಶಿಯಿಂದ ಎದ್ದು ಬಂದದ್ದೆಂದು ನಾನು ಬಲವಾಗಿ ನಂಬುತ್ತೇನೆ.

ಅವನಿಗೆ ಹಾಗೆಯೇ ಬರೆದೆ. ಸರಿಯಾದ ಕೋವಿಯ ಬೆಲೆ ಕೊಟ್ಟಿದ್ದರೆ ಹೆಚ್ಚು ಕೊಟ್ಟಂತಾಯಿತು, ಆದರೆ ಕೋವಿ ಸುಳ್ಳು ಹೇಳುತ್ತಿಲ್ಲ ಎಂದೆ. 417ನ್ನು ಉಜ್ಜಿ 052 ಎಂದು ಒತ್ತಿಕೊಡುವವರು ಸಿಕ್ಕಾರು. ಆ ಕೆಲಸ ಮಾಡಿಸಿದ ದಿನ ಎಂಬತ್ತು ವರ್ಷ ಉಳಿದುಬಂದ ಒಂದು ಸಾಕ್ಷಿ ನಾಶವಾಗುತ್ತದೆ, ಆ ಬೋಲ್ಟಿಗಾಗಿ ಕಾದಿರುವ ಇನ್ನೊಂದು ಕೋವಿಯೂ ಶಾಶ್ವತವಾಗಿ ಅನಾಥವಾಗುತ್ತದೆ. ಇದನ್ನು ನಾನು ಅಪಚಾರವೆಂದೇ ತಿಳಿಯುತ್ತೇನೆ. ಹಾಗೆಯೇ, ಬೋಲ್ಟಿನ ಮುಖಕ್ಕೂ ತೋಟೆಯ ತಳಕ್ಕೂ ನಡುವಿನ ಸಂದು ಹೊರಗಿನ ಬೋಲ್ಟಿನಿಂದ ವ್ಯತ್ಯಾಸವಾಗಿರಬಹುದಾದ್ದರಿಂದ, ತಿಳಿದವರು ಗೇಜಿನಿಂದ ಅಳೆಯುವವರೆಗೆ ಒಂದು ಈಡನ್ನೂ ಹಾರಿಸಬಾರದೆಂದು ಕಟ್ಟುನಿಟ್ಟಾಗಿ ಹೇಳಿದೆ.

ಅಜ್ಜನಿಗೆ ಅಂಗಡಿಯವರೆಗೆ ನಡೆದರೆ ಸಾಕಾಗಿತ್ತು. ಅಳಿಯನ ಕೋವಿಯ ಬೋಲ್ಟ್ ಅಮೆರಿಕದ ಯಾವ ಊರಿನ ಯಾವ ಅಟ್ಟದಲ್ಲಿದೆಯೋ. ಆದರೂ ಇಂಥ ಬೋಲ್ಟುಗಳ ಅಂಕಿಗಳನ್ನು ಬರೆದಿಟ್ಟುಕೊಂಡು ಅದಲುಬದಲು ಮಾಡಿಕೊಳ್ಳುವ ಸಂಗ್ರಾಹಕರು ಅಲ್ಲಿದ್ದಾರೆ. ಸರಣಿಯ ಅಕ್ಷರ, ಪೂರ್ಣ ಕ್ರಮಸಂಖ್ಯೆ, ಬೋಲ್ಟಿನ 417 ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೋವಿಯ ಚೀಲದಲ್ಲಿ ಇಟ್ಟಿದ್ದೇನೆಂದು ಅವನು ನಿನ್ನೆ ತಿಳಿಸಿದ.